ಕುರೆಯಲ್ಲಿ ಹೋಶೋ ಹಡಗಿನ ವಿಚಾರಣೆ

ಹೊರಡುವ ಮುನ್ನ: ತಿ. ನರಸೀಪುರ

ಹೊರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಒಂದನ್ನು ಹೇಳುತ್ತಾರೆ. ‘ಅಬ್ಬಾ, ಅವರ ಶಿಸ್ತು ನೋಡಬೇಕು ಕಣ್ರೀ’ ಎನ್ನುವುದು ಮೊದಲನೆಯದು. ‘ಏನೇ ಅನ್ನಿ, ನಮ್ಮೂರಿನ ಸುಖ ಎಲ್ಲೂ ಇಲ್ಲ’ ಎನ್ನುವುದು ಎರಡನೆಯದು. ಪುರಾವೆ ಕೇಳಿದರೆ ಎರಡಕ್ಕೂ ಅವೇ ಫೋಟೊಗಳನ್ನು ತೋರಿಸುತ್ತಾರೆ. ನನ್ನ ಫೋಟೊಗಳು ಚೆನ್ನಾಗಿ ಬಂದಿಲ್ಲವಾದ್ದರಿಂದ ಎರಡೂ ಮಾತನ್ನು ಬಿಟ್ಟು ನಡೆದದ್ದನ್ನಷ್ಟೇ ಹೇಳುತ್ತೇನೆ. ನಾನು ಜಪಾನಿನ ಕುರೆ ಎಂಬ ಬಂದರೂರಿಗೆ ಹೋದದ್ದು ಒಂದು ಹಡಗಿನ ಪರವಾಗಿ ವಾದ ಮಾಡಲು. ಹೋಗಿ ಮಾಡಿದ್ದು ಅದರ ವಿರುದ್ಧ.

ಇದಕ್ಕೆಲ್ಲ ಕಾರಣ ಯೂಕಿ. ಮೈಸೂರಿಗೆ ಯೋಗ ಕಲಿಯಲು ಬಂದ ಜಪಾನಿ ಹುಡುಗಿ. ಅಲ್ಲಿ ಯೋಗಕ್ಕಿಂತ ಯೋಗದವರ ಗದ್ದಲವೇ ಹೆಚ್ಚೆಂದು ಬೇಸತ್ತು, ನರಸೀಪುರದ ನಮ್ಮ ಮನೆಯ ಮಹಡಿ ಕೋಣೆಗೆ ಬಂದವಳು ಎರಡು ವರ್ಷ ಇದ್ದುಬಿಟ್ಟಳು. ಅವಳಿಗೆ ಕನ್ನಡ ಕಲಿಸಿದ್ದು ನಮ್ಮವ್ವ. ಅವ್ವ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಅಲ್ಲಿನ ಮಕ್ಕಳಿಗೆ ಕಲಿಸಿದ ಹಾಗೆಯೇ ಇವಳಿಗೂ ಕಲಿಸಿದಳು, ತಪ್ಪಿದರೆ ತಲೆಗೊಂದು ಮೊಟಕಿ. ಅವ್ವನ ನಾಲಗೆಯಲ್ಲಿ ‘ಹ’ಕಾರ ನಿಲ್ಲುವುದಿಲ್ಲ, ಹಾಗಾಗಿ ಯೂಕಿಯ ನಾಲಗೆಯಲ್ಲೂ ನಿಂತಿಲ್ಲ. ಕಾಲೇಜು ಮುಗಿಸಿದ ಜಪಾನಿ ಹುಡುಗಿ ‘ಅಳ್ಳಿ’, ‘ಅಣ್ಣು’, ‘ಓಗ್ಬುಟ್ ಬತ್ತೀನಿ’ ಎನ್ನುವುದನ್ನು ಕೇಳಿದರೆ ನಮ್ಮ ಬಸ್ ಕಂಡಕ್ಟರುಗಳಿಗೆ ಟಿಕೆಟ್ ಹರಿಯುವುದೇ ಮರೆತುಹೋಗುತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅದು ಹೊಟ್ಟೆಪಾಡು. ನಿಜವಾದ ಕಸುಬು ಭಾನುವಾರ ಸಂಜೆಯದು. ಕಪಿಲೆ ಬಂದು ಕಾವೇರಿಗೆ ಸೇರುವ ಕಡೆ ಮೆಟ್ಟಿಲುಗಳ ಮೇಲೆ ನಾವೊಂದಷ್ಟು ಜನ ಕೂತು ವಾದ ಮಾಡುತ್ತೇವೆ: ಹದಿನಾರು ಗ್ರಾಮದ ರೈತರ ಮಕ್ಕಳು, ಸುತ್ತೂರು ಕಡೆಯ ಇಬ್ಬರು ಮೇಷ್ಟರು, ನಂಜನಗೂಡಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುವವರು. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಮೊದಲ ಸುತ್ತಿನಲ್ಲಿ ನೀನು ನಂಬಿದ್ದನ್ನು ಹೇಳು. ಎರಡನೆಯದರಲ್ಲಿ ಎದುರಾಳಿಯ ಜಾಗದಲ್ಲಿ ಕೂತು ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳು. ಇದಕ್ಕೆ ‘ಮಗ್ಗುಲು ಸುತ್ತು’ ಎನ್ನುತ್ತೇವೆ. ಕೈ ಎತ್ತಿ ತೀರ್ಮಾನ ಮಾಡುವುದು ಅದಾದ ಮೇಲೆಯೇ. ಯೂಕಿ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಈಗಷ್ಟೇ ಕಾಲರ್ ಹಿಡಿಯುವಂತಿದ್ದವರು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು.

ಊರಿಗೆ ಹಿಂತಿರುಗಿ ಒಂದು ವರ್ಷವಾದ ಮೇಲೆ ಅವಳು ಫೋನ್ ಮಾಡಿದಳು.

‘ಸುಜಿ, ನಮ್ ತಾತ ಒಂದ್ ಅಡಗು ಮಾಡವ್ರೆ. ಮರದ್ದು. ಮಂಚದುದ್ದ ಅದೆ. ಈ ತಿಂಗ್ಳು ಕೊನೇಗೆ ತಾತ ಗುಡ್ಡದ ಮನೆ ಬುಟ್ಟು ಕೆಳಗಡೆ ನಮ್ಮವ್ವನ ಫ್ಲಾಟಿಗೆ ಬತ್ತಾವ್ರೆ, ಮಂಡಿನೋವು. ಅಲ್ಲಿ ಅಡಗಿಗೆ ಜಾಗ ಇಲ್ಲ. ಬೀದಿ ಸಭಾಮನೇಲಿ ಮಡಗಾನ ಅಂದ್ರೆ ಎಲ್ಡು ವರ್ಸದಿಂದ ಯಾರೂ ಉಂ ಅನ್ನಾಕಿಲ್ಲ, ಉಹೂಂ ಅನ್ನಾಕಿಲ್ಲ. ಜಾಗ ಸಿಗ್ನಿಲ್ಲ ಅಂದ್ರೆ ಬಿಚ್ಚಾಕ್ಬೇಕು. ನೀನು ಬಂದು ವಾದ ಮಾಡು.’

‘ಯಾವ ಹಡಗು?’ ಎಂದೆ.

‘ಹೋಶೋ ಅಂತ. ಯುದ್ಧದ್ದು. ಇಮಾನ ಒರೋದು.’

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ, ‘ನಾನೂ ಬತ್ತೀನಿ ಅಂತ ಯೋಳು’ ಎಂದಳು.

ಒಸಾಕಾ: ರಸಬಾಳೆಗೆ ಪ್ರವೇಶವಿಲ್ಲ

ತಾತನಿಗೆಂದು ಅವ್ವ ಒಂದು ಚಿಪ್ಪು ನಂಜನಗೂಡು ರಸಬಾಳೆಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ತಂದಿದ್ದಳು. ಹಣ್ಣು ಒಯ್ಯಬಾರದೆಂದು ವಿಮಾನದಲ್ಲೇ ಹೇಳಿದ್ದರು. ‘ನಿನ್ ಬಾಯಿ ಇರೋದು ಯಾಕೆ?’ ಎಂದು ಅವ್ವ ನನ್ನನ್ನು ಮುಂದೆ ತಳ್ಳಿದಳು.

ಒಸಾಕಾ ವಿಮಾನ ನಿಲ್ದಾಣದ ತಪಾಸಣೆ ಕಟ್ಟೆಯಲ್ಲಿದ್ದವನು ಬಿಳಿ ಕೈಗವಸಿನ ಸಣ್ಣ ವಯಸ್ಸಿನವನು. ಟವೆಲ್ ಬಿಚ್ಚಿ ಹಣ್ಣು ನೋಡಿ, ಯಾರದೋ ಮನೆಯಲ್ಲಿ ಸಾವಾದಂತೆ ಮುಖ ಮಾಡಿದ. ನಾನು ಮೂರು ದಿಕ್ಕಿನಿಂದ ವಾದ ಹೂಡಿದೆ: ಇದು ಗಿಡವಲ್ಲ, ಮಾರಾಟಕ್ಕಲ್ಲ, ಸಿಪ್ಪೆಯನ್ನು ಬೇಕಾದರೆ ಇಲ್ಲೇ ಬಿಡುತ್ತೇವೆ. ಅವನು ಪೂರ್ತಿ ಕೇಳಿಸಿಕೊಂಡು, ಬಗ್ಗಿ, ಫೋನಿನ ಅನುವಾದದಲ್ಲಿ ತೋರಿಸಿದ: ‘ಸ್ವಲ್ಪ ಕಷ್ಟವಾಗುತ್ತದೆ.’

ಸ್ವಲ್ಪ ತಾನೇ! ಅಂದರೆ ಇನ್ನೂ ಜಾಗವಿದೆ. ಮತ್ತೆ ಶುರು ಮಾಡಿದೆ. ಮತ್ತೆ ಬಗ್ಗಿದ, ಮತ್ತೆ ಅದೇ ‘ಸ್ವಲ್ಪ ಕಷ್ಟ’. ಹಿಂದಿನ ಸಾಲು ಬಾಗಿಲವರೆಗೆ ಬೆಳೆಯಿತು. ಅಷ್ಟು ಜನರಲ್ಲಿ ಒಬ್ಬರೂ ‘ಏನ್ರೀ ನಿಮ್ಮದು’ ಎನ್ನಲಿಲ್ಲ. ಕೊನೆಗೆ ಅವ್ವನಿಗೇ ಅವನ ಮೇಲೆ ಕನಿಕರ ಬಂದು, ‘ಓಗ್ಲಿ ಬುಡು ಅಮ್ಮಿ, ಮಗೀಗೆ ಬೆವರು ಬಂದದೆ. ಲೋ ಮಗಾ, ನೀನಾದ್ರೂ ತಿನ್ನಪ್ಪ’ ಎಂದು ಚಿಪ್ಪನ್ನು ಅವನ ಕಡೆ ಸರಿಸಿದಳು. ಅವನು ಎರಡೂ ಕೈಯಿಂದ ತೆಗೆದುಕೊಂಡು, ಚೀಲಕ್ಕೆ ಹಾಕಿ ಮುದ್ರೆ ಒತ್ತಿ, ಆ ಚೀಲಕ್ಕೂ ಒಮ್ಮೆ ಬಗ್ಗಿದ.

ಹೊರಗೆ ಕಾಯುತ್ತಿದ್ದ ಯೂಕಿ ಕಥೆ ಕೇಳಿ ಗೋಡೆ ಹಿಡಿದುಕೊಂಡು ನಕ್ಕಳು. ‘ಸುಜಿ, ನಮ್ಮಲ್ಲಿ “ಸ್ವಲ್ಪ ಕಷ್ಟ” ಅಂದ್ರೆ “ಸತ್ತೋದ್ರೂ ಆಗಾಕಿಲ್ಲ” ಅಂತ. ಯಾರೂ ಮುಖದ್ ಮೇಲೆ ಇಲ್ಲ ಅನ್ನಾಕಿಲ್ಲ ಕಣೆ.’

ನನಗೆ ಭಯವಾಯಿತು. ‘ಇಲ್ಲ’ ಎನ್ನದ ಜನರ ಜೊತೆ ವಾದ ಮಾಡುವುದು ಹೇಗೆ? ನಮ್ಮ ಕಡೆ ಮಾತು ಶುರುವಾಗುವುದೇ ‘ಇಲ್ಲ’ದಿಂದ. ನರಸೀಪುರದ ಅಂಗಡಿಯಲ್ಲಿ ಸಕ್ಕರೆ ಇದೆಯೇ ಎಂದು ಕೇಳಿ ನೋಡಿ. ಮೊದಲು ‘ಇಲ್ಲ’ ಎಂದು, ಆಮೇಲೆ ಎಷ್ಟು ಬೇಕು ಎಂದು ಕೇಳುತ್ತಾರೆ.

ಕುರೆ ದಾರಿಯ ರೈಲು

ಹಿರೋಷಿಮಾದಿಂದ ಕುರೆಗೆ ಹೋಗುವ ರೈಲು ಸಮುದ್ರದ ಅಂಚಿಗೇ ಅಂಟಿಕೊಂಡು ಓಡುತ್ತದೆ. ನೀರಿನ ಮೇಲೆ ಸಾಲಾಗಿ ಬಿದಿರಿನ ತಟ್ಟಿಗಳು ತೇಲುತ್ತಿದ್ದವು. ಮದುವೆ ಮುಗಿದ ಮೇಲೆ ಚಪ್ಪರವನ್ನು ಬಿಚ್ಚದೆ ಕೆರೆಗೆ ತಳ್ಳಿದಂತೆ. ಅವುಗಳ ಕೆಳಗೆ ಚಿಪ್ಪಿನ ಹುಳು ಸಾಕುತ್ತಾರಂತೆ, ತಿನ್ನಲು.

ಬೋಗಿಯಲ್ಲಿ ಪಿಸುಮಾತೂ ಇಲ್ಲ. ಯೂಕಿ ತುಟಿಯ ಮೇಲೆ ಬೆರಳಿಟ್ಟು ಎಚ್ಚರಿಸಿದ್ದಳು. ಆದರೆ ಎದುರು ಸೀಟಿನ ಮುದುಕಿಯ ಚೀಲದಿಂದ ತೊಡೆಗಾತ್ರದ ಮೂಲಂಗಿಯೊಂದು ತಲೆ ಹಾಕಿತ್ತು. ಅವ್ವ ಎಷ್ಟು ಹೊತ್ತೆಂದು ತಡೆದಾಳು?

‘ಇದ್ಯಾವ್ ತಳಿ ಕಣವ್ವ? ಎಷ್ಟ್ ತಿಂಗ್ಳ ಬೆಳೆ?’

ಮುದುಕಿ ಬೆಚ್ಚಿದಳು. ಸುತ್ತ ನೋಡಿದಳು. ಆಮೇಲೆ ಮೂಲಂಗಿಯನ್ನು ಮಗುವಿನಂತೆ ತೊಡೆಯ ಮೇಲೆ ತೆಗೆದಿಟ್ಟು ತನ್ನ ಭಾಷೆಯಲ್ಲಿ ಶುರು ಮಾಡಿದಳು. ಅವ್ವ ಕನ್ನಡದಲ್ಲಿ, ಅವಳು ಜಪಾನಿಯಲ್ಲಿ, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾದು, ತಲೆಯಾಡಿಸಿ, ಸ್ಟೇಷನ್ನಿನ ಮೇಲೆ ಸ್ಟೇಷನ್ ಹೋಯಿತು. ಇಳಿಯುವಾಗ ಅವಳು ಮೂಲಂಗಿಯನ್ನು ಮುರಿದು ಅರ್ಧ ಕೊಟ್ಟು ಹೋದಳು. ಬೋಗಿಯಲ್ಲಿ ಯಾರೂ ಗುರುಗುಟ್ಟಲಿಲ್ಲ. ಒಬ್ಬ ಆಫೀಸಿನ ಯುವಕ ಫೋನ್ ಕೆಳಗಿಟ್ಟು ಕೊನೆಯವರೆಗೆ ಕೇಳಿಸಿಕೊಂಡ. ಅಲ್ಲಿಗೆ ನನ್ನ ‘ಅವರ ಶಿಸ್ತು ನೋಡಬೇಕು’ ಸಿದ್ಧಾಂತ ಬಿತ್ತು.

ಗುಡ್ಡದ ಮೇಲಿನ ಮನೆ

ಕುರೆಯಲ್ಲಿ ಮನೆಗಳು ಗುಡ್ಡಕ್ಕೆ ಉಗುರೂರಿ ನಿಂತಿವೆ. ರಸ್ತೆ ಮುಗಿದ ಮೇಲೆ ಮೆಟ್ಟಿಲು, ಮೆಟ್ಟಿಲು ಮುಗಿದ ಮೇಲೆ ಇನ್ನೂ ಮೆಟ್ಟಿಲು. ಮೇಲೆ ಬಾಗಿಲಲ್ಲಿ ನಿಂತಿದ್ದರು ಯೂಕಿಯ ತಾತ. ಎಂಬತ್ತರ ಹತ್ತಿರದ, ಹಗ್ಗದಂತೆ ಸಣಕಲಾಗಿ ಬಿಗಿದ ದೇಹ, ಮೂಗಿನ ತುದಿಯಲ್ಲಿ ಕನ್ನಡಕ. ಅವರ ಜಪಾನಿ ಬಹಳ ಗಂಭೀರವಾದದ್ದಂತೆ. ನಮಗೆ ಮಾತ್ರ ಅದು ಯೂಕಿಯ ಬಾಯಿಂದ ಬರಬೇಕಾದ್ದರಿಂದ, ಆ ಮಹನೀಯರು ನಮ್ಮ ಪಾಲಿಗೆ ನರಸೀಪುರ ಸಂತೆಯ ಪಕ್ಕದ ಮನೆಯವರಾದರು.

‘ತಾತ ಯೋಳ್ತಾವ್ರೆ, ಬಿಸ್ಲಲ್ಲಿ ಅತ್ಕಂಡ್ ಬಂದಿದೀರಿ, ಒಸಿ ಕೂತ್ಕಳಿ ಅಂತ.’

ಒಳಕೋಣೆಯಲ್ಲಿ ಒಂದು ಪುಟ್ಟ ಬುದ್ಧ, ಪಕ್ಕದಲ್ಲಿ ಸೈನಿಕನ ಉಡುಪಿನ ಒಬ್ಬ ತೆಳ್ಳನೆಯ ಮನುಷ್ಯನ ಫೋಟೊ, ಅವರ ಮುಂದೆ ಬಟ್ಟಲಲ್ಲಿ ಅನ್ನ. ನಾವು ಬೌದ್ಧರು, ಅವ್ವ ಯಾರನ್ನೂ ಕೇಳದೆ ಮುಂದೆ ಕೂತು ತ್ರಿಶರಣ ಹೇಳಿದಳು. ತಾತನೂ ಪಕ್ಕದಲ್ಲಿ ಕೂತು ತಮ್ಮದೇ ರಾಗದಲ್ಲಿ ಏನನ್ನೋ ಹೇಳಿದರು. ರಾಗ ಒಂದಕ್ಕೊಂದು ಸೇರಲೇ ಇಲ್ಲ, ಇಬ್ಬರಿಗೂ ಅದರ ಗೊಡವೆ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ಹಡಗು. ನಾನು ವಿಮಾನದಲ್ಲಿ ಓದಿ ತಯಾರಾಗಿ ಬಂದಿದ್ದೆ. ಹೋಶೋ ಎಂದರೆ ವಿಮಾನ ಹೊರುವ ಹಡಗಾಗಿಯೇ ಅಡಿಪಾಯದಿಂದ ಕಟ್ಟಿ ಮುಗಿಸಿದ ಜಗತ್ತಿನ ಮೊದಲ ಹಡಗು. ಶಾಂಘೈ ಮೇಲಿನ ದಾಳಿಗೆ ಹೋದದ್ದು. ಪೆಸಿಫಿಕ್ ಯುದ್ಧದಲ್ಲಿ ಅಮೆರಿಕದ ಮೇಲೆ ಕಾದಲು ಮಿಡ್‌ವೇಗೆ ಹೋದದ್ದು. ಇಂಥದನ್ನು ಮಕ್ಕಳು ಬರುವ ಸಭಾಮನೆಯಲ್ಲಿ ಇಡಬಹುದೆಂದು ವಾದಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದೆ.

ತಾತ ಹೊದಿಕೆ ತೆಗೆದರು. ಫಿರಂಗಿ ಇಲ್ಲ. ವಿಮಾನ ಒಂದೂ ಇಲ್ಲ. ವಿಮಾನ ಇಳಿಯಬೇಕಾದ ಉದ್ದನೆಯ ಅಂಗಳದಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿತ್ತು. ಅಕ್ಕಿಕಾಳಿನಷ್ಟು ಸಣ್ಣ ಮನುಷ್ಯರು ನೂರಾರು: ಒಬ್ಬ ಇನ್ನೊಬ್ಬನ ತಲೆ ಬೋಳಿಸುತ್ತಿದ್ದಾನೆ, ಇಬ್ಬರು ಒಂದೇ ಬಟ್ಟಲಿನಿಂದ ತಿನ್ನುತ್ತಿದ್ದಾರೆ, ಒಬ್ಬ ಸುಮ್ಮನೆ ಮುಂದೆ ನೋಡುತ್ತಿದ್ದಾನೆ. ಯುದ್ಧ ಸೋತ ಮೇಲೆ ಆ ಹಡಗಿನ ಆಯುಧಗಳನ್ನೆಲ್ಲ ಕಿತ್ತು, ದ್ವೀಪಗಳಲ್ಲಿ ಸಿಕ್ಕಿಬಿದ್ದ ತಮ್ಮವರನ್ನು ಮನೆಗೆ ಕರೆತರಲು ಕಳಿಸಿದರಂತೆ. ಫೋಟೊದಲ್ಲಿದ್ದ ತಾತನ ಅಪ್ಪ ನ್ಯೂಗಿನಿಯ ವೇವಾಕ್ ಎಂಬ ಕಡೆಯಿಂದ ಅದರಲ್ಲೇ ಬಂದರು. ಬಂದ ಮೇಲೆ ಮದುವೆ, ಆಮೇಲೆ ಈ ತಾತ.

‘ತಾತ ಯೋಳ್ತಾವ್ರೆ, ಈ ಅಡಗು ಬರ್ದೆ ಇದ್ದಿದ್ರೆ ನಾನು ಉಟ್ತಾನೇ ಇರ್ನಿಲ್ಲ ಅಂತ.’ ಯೂಕಿ ತಡೆದು ಸೇರಿಸಿದಳು: ‘ನಾನೂ ಉಟ್ತಿರ್ನಿಲ್ಲ ಕಣ್ ಸುಜಿ. ಇದು ನನ್ ಮಾತು.’

ಹಾಳಾದ ಹಡಗು ಚೆನ್ನಾಗಿತ್ತು. ಅದೇ ನನಗೆ ಅನುಮಾನ ತಂದದ್ದು. ನನ್ನನ್ನು ಇಷ್ಟು ಸುಲಭವಾಗಿ ಕರಗಿಸಿದ ಯಾವ ಸಾಕ್ಷಿಯನ್ನೂ ನಾನು ನಂಬಿದವಳಲ್ಲ. ಊಟಕ್ಕೆ ಕೂತಾಗ ಹೇಳಿಬಿಟ್ಟೆ.

‘ಯೂಕಿ, ತಾತನಿಗೆ ಹೇಳು. ಈ ಹಡಗು ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿತ್ತು. ಅವರು ಕೊನೆಯ ಒಂದು ವರ್ಷ ಮಾತ್ರ ಕೆತ್ತಿದ್ದಾರೆ. ಜನರನ್ನು ಮನೆಗೆ ತಂದದ್ದು ಕಾಣುತ್ತದೆ, ಮನೆಯಿಂದ ಒಯ್ದದ್ದು ಯಾರು ಅನ್ನುವುದು ಕಾಣುವುದಿಲ್ಲ. ಇದು ಆರೋಪಿ ತಾನೇ ಬರೆದುಕೊಂಡ ಜಾಮೀನು ಅರ್ಜಿ. ನಾಳಿದ್ದು ಸಭೆಯಲ್ಲಿ ನಾನು ಇದರ ವಿರುದ್ಧ ಮಾತಾಡುತ್ತೇನೆ.’

ಯೂಕಿ ಚಾಪ್‌ಸ್ಟಿಕ್ ಕೆಳಗಿಟ್ಟಳು. ‘ನಾನ್ ಯೋಳಾಕಿಲ್ಲ.’

‘ಯಾಕೆ?’

‘ನಿನ್ನ ಕರ್ಸಿದ್ದು ಯಾಕೆ? ತಿಂಗ್ಳು ಕೊನೇಗೆ ಬಿಚ್ಚಾಕ್ಬೇಕು ಕಣೆ ಅದ್ನ! ತಾತ ಒಂದೊಂದ್ ತಲೇನೂ ಸೂಜೀಲಿ ಕೊರ್ದವ್ರೆ.’ ಅವಳ ಕಣ್ಣು ತುಂಬಿತ್ತು. ತಾತ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತ ಕೂತಿದ್ದರು.

ಅವ್ವ ಮುದ್ದೆ ಮುರಿಯುತ್ತಿದ್ದಳು. ರಾಗಿಹಿಟ್ಟಿಗೆ ವಿಮಾನ ನಿಲ್ದಾಣದ ತಪಾಸಣೆಯವರು ಅಡ್ಡಿ ಮಾಡಿರಲಿಲ್ಲ. ‘ಯೋಳ್ಬುಡು ಮಗಾ. ಇವ್ಳ ಬಾಯಿ ನಾವು ದಿನಾ ಅನುಬೋಸ್ತೀವಿ, ಅವ್ರೂ ಒಂದಪ ಅನುಬೋಸ್ಲಿ.’

ಯೂಕಿ ಗೋಡೆ ನೋಡುತ್ತ, ಒಂದೊಂದೇ ವಾಕ್ಯ ಹೇಳಿದಳು. ತಾತ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಮೇಜಿನ ಮೇಲೆ ಅಂಗೈ ಬಡಿದು ನಗತೊಡಗಿದರು. ನಕ್ಕು ನಕ್ಕು ಕನ್ನಡಕ ಸಾರಿಗೆ ಬಿತ್ತು.

‘ಏನಂತೆ?’

ಯೂಕಿಗೇ ನಂಬಿಕೆ ಬರುತ್ತಿರಲಿಲ್ಲ. ‘ಎಲ್ಡು ವರ್ಸದಿಂದ ಒಬ್ರಾದ್ರೂ ಬ್ಯಾಡ ಅನ್ಲಿ ಅಂತ ಕಾಯ್ತಿದ್ದೆ, ಬ್ಯಾಡ ಅಂದ್ರೆ ತಾನೆ ಯಾಕೆ ಅಂತ ಕೇಳಾಕಾಗೋದು ಅಂತಾವ್ರೆ. ನಿಂಗೆ ಇನ್ನೊಂದ್ ಮೀನು ಆಕು ಅಂತಾವ್ರೆ.’

ಬಂದರು

ಮರುದಿನ ತಾತ ನಮ್ಮನ್ನು ಬಂದರಿಗೆ ಕರೆದುಕೊಂಡು ಹೋದರು. ಎದುರಾಳಿಗೆ ತಮ್ಮ ಕಡೆಯ ಸಾಕ್ಷ್ಯವನ್ನೆಲ್ಲ ತಾವೇ ಒಪ್ಪಿಸುವ ವಕೀಲರನ್ನು ನಾನು ನೋಡಿದ್ದು ಅದೇ ಮೊದಲು. ಕಟ್ಟುತ್ತಿರುವ ಹಡಗುಗಳು, ಕೆಂಪು ಕ್ರೇನುಗಳು, ಕಬ್ಬಿಣ ಬಡಿಯುವ ಸದ್ದು. ಕಂಬಿಗೆ ಒರಗಿ ನಿಂತು, ಕಾಗದದ ತಟ್ಟೆಯಲ್ಲಿ ಗಟ್ಟಿ ಸಾರು ಸುರಿದ ಅನ್ನ ತಿನ್ನುತ್ತ, ಅವರು ಆ ಹಡಗಿನ ಚಾಕರಿಯನ್ನು ತಮ್ಮ ಭಾವಮೈದುನನ ಚಾಕರಿಯಂತೆ ಹೇಳಿದರು.

ಮೊದಲು ಕಟ್ಟಿದಾಗ ಅಂಗಳದ ಒಂದು ಪಕ್ಕದಲ್ಲಿ ಸಣ್ಣ ಗೋಪುರವಿತ್ತಂತೆ, ಹಡಗು ನಡೆಸುವವರು ನಿಲ್ಲಲು. ಇಳಿಯುವಾಗ ಅಡ್ಡ ಬರುತ್ತದೆಂದು ಪೈಲಟ್‌ಗಳು ಗೊಣಗಿದರು, ಕಿತ್ತುಹಾಕಿದರು. ಹೊಗೆಕೊಳವೆಗಳನ್ನು ವಿಮಾನ ಬರುವ ಹೊತ್ತಿಗೆ ಪಕ್ಕಕ್ಕೆ ಮಲಗಿಸುವಂತೆ ಮಾಡಿದ್ದರು. ಅದರ ಮೇಲೆ ಮೊದಲು ವಿಮಾನ ಇಳಿಸಿದವನು ಜಪಾನಿನವನೇ ಅಲ್ಲ, ಒಬ್ಬ ಬ್ರಿಟಿಷ್ ಪೈಲಟ್.

‘ಆಮೇಲೆ ಶಾಂಘೈ’ ಎಂದೆ.

‘ಊಂ, ಆಮೇಲೆ ಶಾಂಘೈ,’ ತಾತ ಒಪ್ಪಿದರು. ‘ಐದು ವರ್ಸ ಬುಟ್ಟು ತಿರ್ಗಾ ಚೀನಾ. ಅದ್ನ ಬರ್ಕೊ ಅಂತಾವ್ರೆ.’

ದೊಡ್ಡ ಯುದ್ಧ ಬರುವ ಹೊತ್ತಿಗೆ ಹಡಗು ಮುದಿಯಾಗಿತ್ತು. ಮಿಡ್‌ವೇಗೆ ಹೋದದ್ದೂ ದೊಡ್ಡವರ ಹಿಂದೆ. ಉರಿಯುತ್ತಿದ್ದ ತಮ್ಮದೇ ದೊಡ್ಡ ಹಡಗೊಂದನ್ನು ಕಂಡು ಫೋಟೊ ತೆಗೆದದ್ದು ಇದರ ವಿಮಾನ. ಅಲ್ಲಿಂದ ಮುಂದೆ ಒಳಸಮುದ್ರದಲ್ಲಿ ಹುಡುಗರಿಗೆ ಇಳಿಯುವುದನ್ನು ಕಲಿಸುವ ಕೆಲಸ. ಹೊಸ ವಿಮಾನಗಳಿಗೆ ಸಾಲದೆಂದು ಅಂಗಳವನ್ನು ಮುಂದಕ್ಕೂ ಹಿಂದಕ್ಕೂ ಉದ್ದ ಮಾಡಿದರು. ತಲೆಭಾರವಾಗಿ, ಬಿರುಗಾಳಿಗೆ ಹೊರಟರೆ ಮಗುಚುವಂತಾಯಿತು. ಹಾಗಾಗಿ ಮನೆಯ ಹತ್ತಿರವೇ ಉಳಿಯಿತು. ಬೇರೆ ಹಡಗುಗಳು ದೂರ ಹೋಗಿ ಮುಳುಗಿದವು.

‘ಅಂದರೆ ಬದುಕಿದ್ದು ಪುಣ್ಯದಿಂದಲ್ಲ, ಕೈಲಾಗದೆ’ ಎಂದೆ.

‘ಅದ್ನೂ ಬರ್ಕೊ’ ಎಂದರು ತಾತ, ಖುಷಿಯಾಗಿ. ಆಮೇಲೆ ಕೇಳಿದರು: ಆಗ ನಿಮ್ಮೂರಿನವರು ಏನು ಮಾಡುತ್ತಿದ್ದರು? ಪಕ್ಕದ ತಗಡೂರಿನವರು ಖಾದಿ ತೊಟ್ಟು ಬ್ರಿಟಿಷರಿಗೆ ಎದುರಾಗಿದ್ದರು ಎಂದೆ. ನಮ್ಮ ಮನೆಯವರು ಏನು ಮಾಡುತ್ತಿದ್ದರೆಂದು ಅವ್ವನನ್ನು ಕೇಳಿದೆ.

‘ಕೂಲಿ’ ಎಂದಳು ಅವ್ವ. ‘ಯುದ್ದ ಅಂತ ಗೊತ್ತಾಗಿದ್ದೇ ಸೀಮೆಎಣ್ಣೆ ಸಿಗ್ದಂಗಾದಾಗ ಅಂತಿದ್ಲು ನಮ್ಮಜ್ಜಿ.’

ಸಭಾಮನೆ

ಬೀದಿಯ ಸಭಾಮನೆ ನಮ್ಮ ಸಮುದಾಯ ಭವನದಷ್ಟೇ ದೊಡ್ಡದು, ಆದರೆ ಪ್ಲಾಸ್ಟಿಕ್ ಕುರ್ಚಿಗಳ ಬದಲು ಚಾಪೆ, ಅದರ ಮೇಲೆ ಕೂರಲು ಒಬ್ಬೊಬ್ಬರಿಗೆ ಒಂದು ದಿಂಬು. ಕಿಟಕಿಯ ಕೆಳಗೆ ಖಾಲಿ ಕಟ್ಟೆ. ಹಡಗಿಗೆ ಕೇಳಿದ ಜಾಗ ಅದೇ. ಹಡಗನ್ನು ಹೊತ್ತು ತಂದು ನಡುವೆ ಇಟ್ಟಿದ್ದರು. ಸದಸ್ಯರೆಲ್ಲ ತಲೆ ನರೆತವರು. ಅವರ ನಡುವೆ ಮೊರಿತಾ ಸಾನ್ (ಹೆಸರಿಗೆ ನಾವು ‘ಅವರು’ ಸೇರಿಸುವಂತೆ ಅಲ್ಲಿ ‘ಸಾನ್’), ಮಕ್ಕಳ ಶಾಲೆಯಿಂದ ನಿವೃತ್ತರಾದ ಟೀಚರ್. ಅದೇ ಕೋಣೆಯಲ್ಲಿ ಮಕ್ಕಳಿಗೆ ಕುಂಚದಿಂದ ಅಕ್ಷರ ಬರೆಯಲು ಕಲಿಸುತ್ತಾರೆ. ಎರಡು ವರ್ಷದಿಂದ ಪ್ರತಿ ಸಲವೂ ‘ಬಹಳ ಸುಂದರವಾದ ಕೆಲಸ, ಸ್ವಲ್ಪ ಕಷ್ಟ’ ಎಂದವರು ಅವರೇ. ಈಗ ನನಗೆ ಅದರ ಅರ್ಥ ಗೊತ್ತಿತ್ತು.

ನಾನು ಎದ್ದು, ಇದ್ದಬದ್ದ ಶಕ್ತಿಯಿಂದ ಹಡಗಿನ ವಿರುದ್ಧ ಮಾತಾಡಿದೆ. ಯೂಕಿ ಪ್ರಾಮಾಣಿಕವಾಗಿ ಅನುವಾದಿಸಿದಳು, ಕಿವಿ ಕೆಂಪಾಗಿಸಿಕೊಂಡು. ಮುಗಿಸಿ ಕೂತೆ. ಎಲ್ಲರೂ ಮೆಲ್ಲಗೆ ತಲೆಯಾಡಿಸಿದರು. ‘ಓ’ ಎಂದರು. ಒಬ್ಬರು ‘ಹೌದಲ್ಲವೇ’ ಎಂದರು. ಅಷ್ಟೆ. ಪರ ಯಾರೂ ಇಲ್ಲ, ವಿರುದ್ಧ ಯಾರೂ ಇಲ್ಲ. ಕಬಡ್ಡಿಗೆ ಇಳಿದು ಉಸಿರು ಹಿಡಿದು ನುಗ್ಗಿದರೆ ಆ ಕಡೆಯ ಅಂಕಣವೇ ಖಾಲಿ! ಅಧ್ಯಕ್ಷರು ಗಡಿಯಾರ ನೋಡಿದರು. ವಿಷಯ ಇನ್ನೊಂದು ಸಲ ಮುಂದಕ್ಕೆ ಹೋಗುವುದರಲ್ಲಿತ್ತು. ಆದರೆ ತಾತನಿಗೆ ಇನ್ನೊಂದು ಸಲ ಇರಲಿಲ್ಲ.

ಆಗ ಯೂಕಿ ಎದ್ದುನಿಂತಳು. ಅವಳು ಹೇಳಿದ್ದು ಜಪಾನಿಯಲ್ಲಿ. ‘ನರಸೀಪುರ’ ಮತ್ತು ‘ಮಗ್ಗುಲು’ ಎಂಬೆರಡು ಮಾತು ನನಗೆ ತಿಳಿಯಿತು. ಆಮೇಲೆ ನಮಗೆ ಹೇಳಿದಳು: ‘ನಮ್ ನರ್ಸೀಪುರದ್ ಕಟ್ಳೆ ಯೋಳ್ದೆ. ಎಲ್ರೂ ತಮಗೆ ಬ್ಯಾಡ್ದಿರೋ ಕಡೆಗ್ ಓಗಿ ಕೂತ್ಕೊಂಡು, ಅದ್ರ ಪರ ಮಾತಾಡ್ಬೇಕು. ಬೇಕು ಅನ್ನೋರು ಕಿಟಕಿ ಕಡೆ, ಅಲ್ಲಿ ಕೂತು ಬ್ಯಾಡ ಅನ್ಬೇಕು. ಬ್ಯಾಡ ಅನ್ನೋರು ಬಾಗ್ಲು ಕಡೆ, ಅಲ್ಲಿ ಕೂತು ಬೇಕು ಅನ್ಬೇಕು. ಯಾರ್ ಮಾತೂ ಯಾರ್ದೂ ಅಲ್ಲ. ಕಟ್ಳೆದು.’

ಕೋಣೆ ಹಗುರಾದದ್ದು ಕಣ್ಣಿಗೆ ಕಂಡಿತು. ಮಾತಿಗೆ ಹೊಣೆ ಕಟ್ಟಳೆಯದಾದರೆ ಮಾತಾಡಲು ಏನು ಅಡ್ಡಿ? ಉತ್ಸಾಹದಿಂದ ಎದ್ದರು, ದಿಂಬು ಕೈಲಿ ಹಿಡಿದು ಹೊರಟರು. ಅರ್ಧ ದಾರಿಯಲ್ಲಿ ಒಬ್ಬೊಬ್ಬರಿಗೂ ಹೊಳೆಯಿತು: ಎದುರು ಕಡೆಗೆ ಹೋಗಬೇಕಾದರೆ ತಮ್ಮದು ಯಾವ ಕಡೆ ಎಂದು ತೋರಿಸಲೇಬೇಕು! ನಿಂತರು. ಮೊರಿತಾ ಸಾನ್ ಮುಖ ಕೆಂಪಾಯಿತು. ಆಮೇಲೆ ಅವರು ದಿಂಬನ್ನು ಎದೆಗವಚಿಕೊಂಡು ಸೀದಾ ಬಾಗಿಲ ಕಡೆಗೆ ನಡೆದು ಕೂತರು. ಹಿಂದೆಯೇ ಬಹುಪಾಲು ಜನ. ಎರಡು ವರ್ಷದ ‘ಸ್ವಲ್ಪ ಕಷ್ಟ’ ಆ ಮೂಲೆಯಲ್ಲಿ ಸಾಲಾಗಿ ಕೂತಿತ್ತು. ತಾತ ಅವರನ್ನೆಲ್ಲ ನೋಡಿ ತಲೆ ಬಾಗಿಸಿದರು, ‘ಅಂತೂ ಬಂದಿರಾ’ ಎನ್ನುವಂತೆ, ಮತ್ತು ತಾವು ಕಿಟಕಿಯ ಕಡೆ ಹೋಗಿ ಕೂತರು, ತಮ್ಮ ಹಡಗಿನ ವಿರುದ್ಧ ಮಾತಾಡಲು. ನಾನು ಮೊರಿತಾ ಸಾನ್ ಪಕ್ಕ ಕೂತೆ.

ಆಮೇಲೆ ಶುರುವಾಯಿತು ನೋಡಿ. ನಲವತ್ತು ವರ್ಷ ಪಾಠ ಹೇಳಿದ ಗಂಟಲು ಮೊರಿತಾ ಸಾನ್‌ದು. ಇದು ಬೇಕು, ಎಂದರು. ಮಕ್ಕಳು ಬಂದು ಯುದ್ಧದ ಹಡಗಿನಲ್ಲಿ ಬಟ್ಟೆ ಯಾಕೆ ಒಣಹಾಕಿದ್ದಾರೆ ಎಂದು ಕೇಳುತ್ತಾರೆ. ನಾನು ಹೇಳಿಕೊಟ್ಟ ಯಾವ ಪಾಠವೂ ಮಗು ತಾನಾಗಿ ಕೇಳಿದ ಪ್ರಶ್ನೆಗೆ ಸಮವಾಗಲಿಲ್ಲ.

ನನ್ನ ಸರದಿ ಬಂದಾಗ ನಾನು ಹಡಗಿನ ಮುಂಭಾಗ ತೋರಿಸಿದೆ. ಯುದ್ಧಕ್ಕೆಂದು ಉದ್ದ ಮಾಡಿದ ಅಂಗಳವನ್ನು ಜನರನ್ನು ಕರೆತರಲು ಹೊರಟಾಗ ಕತ್ತರಿಸಿದರು. ಯಾಕೆಂದರೆ ಹಡಗು ನಡೆಸುವವನ ಕೋಣೆ ಅದರ ಕೆಳಗಿತ್ತು; ಚಾಚಿಕೊಂಡ ಅಂಗಳ ಅವನ ಕಣ್ಣಿಗೆ ಅಡ್ಡವಾಗಿತ್ತು. ಯುದ್ಧದಲ್ಲಿ ಮುಂದೆ ಏನಿದೆ ಎಂದು ಕಾಣದೆಯೂ ನಡೆಯಿತು, ಮನೆಗೆ ಹೋಗಲು ಕಾಣಬೇಕಾಯಿತು. ಬೇರೆ ಯಾವ ಹಡಗು ತನ್ನ ತಪ್ಪನ್ನು ಇಷ್ಟು ಸ್ಪಷ್ಟವಾಗಿ ಮೈಮೇಲೆ ತೋರಿಸುತ್ತದೆ? ಹೇಳುತ್ತ ಹೇಳುತ್ತ ನನಗೇ ಅದು ಸರಿ ಎನಿಸತೊಡಗಿ ಸಿಟ್ಟು ಬಂತು. ಮಗ್ಗುಲು ಸುತ್ತಿನ ಅಪಾಯವೇ ಇದು.

ಕೊನೆಗೆ ತಾತ. ಅವರು ಎದ್ದುನಿಲ್ಲಲಿಲ್ಲ. ಯೂಕಿ ಅನುವಾದಿಸುತ್ತ ಬಂದಳು, ಬರಬರುತ್ತ ದನಿ ಸಣ್ಣದಾಯಿತು.

‘ನಮ್ಮಪ್ಪ ವೇವಾಕ್ ವಿಚಾರ ಯೋಳ್ತಾನೇ ಇರ್ನಿಲ್ಲ. ಒಂದೇ ಒಂದಪ ಊಟದೊತ್ನಲ್ಲಿ ಯೋಳಿದ್ರು. ಅಲ್ಲಿ ಇಂಡಿಯಾದವ್ರು ಇದ್ರಂತೆ. ಸಿಂಗಪುರದಲ್ಲಿ ಸೆರೆ ಇಡ್ದು ತಂದಿದ್ದೋರು. ಅವ್ರ ಕೈಲಿ ಮೂಟೆ ಒರುಸ್ತಿದ್ರಂತೆ, ಅನ್ನ ಕೊಡ್ದೆ. ಭಾಳ ಜನ ಅಲ್ಲೇ ಸತ್ರು. ನಮ್ಮಪ್ಪುಂಗೆ ಅಡಗು ಬಂತು. ಅವ್ರ ಮೂಟೆ ಇಳ್ಸಾಕೆ ನಾವು ಏನ್ ಕಳ್ಸುದ್ವಿ? ನನ್ ಅಡಗಲ್ಲಿ ಅವ್ರ ಪೈಕಿ ಒಂದ್ ತಲೇನೂ ಇಲ್ಲ. ನಾನು ಕೊರೀಲಿಲ್ಲ. ಅದ್ಕೇ ಈ ಅಡಗು ಇಲ್ಲಿ ಬ್ಯಾಡ.’

ಯಾರೂ ‘ಓ’ ಎನ್ನಲಿಲ್ಲ. ಅವ್ವ ಎದ್ದು ಕೋಣೆ ದಾಟಿ ಹೋಗಿ ತಾತನ ಪಕ್ಕ ಕೂತಳು.

ಜಾಗ ಕೊಡೋಣ ಎನ್ನುವವರು ಕೈ ಎತ್ತಲು ಅಧ್ಯಕ್ಷರು ಹೇಳಿದರು. ಆ ಸಭೆಯಲ್ಲಿ ಎಲ್ಲರ ಕೈಯೂ ಏಳಬೇಕು; ಒಂದು ಕೆಳಗಿದ್ದರೂ ಜಾಗವಿಲ್ಲ. ಮೊರಿತಾ ಸಾನ್ ಕೈ ಎಲ್ಲಕ್ಕಿಂತ ಮೊದಲು ಎದ್ದಿತು. ಬಾಗಿಲ ಕಡೆಯವೆಲ್ಲ ಎದ್ದವು, ಕಿಟಕಿ ಕಡೆಯವೂ. ಒಂದು ಜೋಡಿ ಕೈ ಮಾತ್ರ ಮಂಡಿಯ ಮೇಲೆಯೇ ಇತ್ತು.

‘ತಾತೋ! ಕೈ ಎತ್ತು!’ ಯೂಕಿ ಗಾಬರಿಯಲ್ಲಿ ಕನ್ನಡದಲ್ಲೇ ಕಿರುಚಿದಳು.

ತಾತ ತಲೆಯಾಡಿಸಿದರು. ತಾನು ಈಗ ಹೇಳಿದ್ದೇ ಸರಿ ಎನಿಸುತ್ತಿದೆಯಂತೆ. ಬಿಚ್ಚಿಹಾಕುತ್ತಾರಂತೆ.

ಮೊರಿತಾ ಸಾನ್ ಎದ್ದುನಿಂತರು. ಒಂದೇ ಒಂದು ಚಿಕ್ಕ ಪದ, ಚಾಟಿಯಂತೆ. ಇಡೀ ಕೋಣೆ ಉಸಿರು ಎಳೆದುಕೊಂಡಿತು.

‘“ಇಲ್ಲ” ಅಂದ್ರು ಕಣ್ ಸುಜಿ!’ ಯೂಕಿ ನನ್ನ ತೋಳು ಹಿಂಡಿದಳು. ‘ಮೊರಿತಾ ಸಾನ್ “ಇಲ್ಲ, ನೀವು ಯೋಳೋದು ತಪ್ಪು” ಅಂದ್ರು! ಬಿಚ್ಚಾಕುದ್ರೆ ಆ ಇಂಡಿಯಾದವ್ರ ಮಾತು ನಿಮ್ ಜೊತೇಲೇ ಓಯ್ತದೆ, ಇನ್ಯಾರ್ ಯೋಳ್ತಾರೆ ಅಂತಾವ್ರೆ.’

ತಾತ ಏನೋ ಅಂದರು. ಟೀಚರ್ ಇನ್ನೂ ಜೋರಾಗಿ ಅಂದರು. ತಾತ ಬೆರಳು ತೋರಿಸಿದರು. ಟೀಚರ್ ದಿಂಬು ಕೆಳಗೆ ಎಸೆದರು. ಅಧ್ಯಕ್ಷರು ಯಾರನ್ನು ತಡೆಯಬೇಕೆಂದು ತಿಳಿಯದೆ ಇಬ್ಬರಿಗೂ ಬಗ್ಗಿದರು. ಅವರ ನಡುವೆ ಕೊನೆಗೆ ಹುಟ್ಟಿದ ಒಪ್ಪಂದ ಇದು: ಹಡಗಿಗೆ ಒಂದು ವರ್ಷ ಮಾತ್ರ ಜಾಗ. ಬರುವ ವರ್ಷ ಮತ್ತೆ ಸಭೆ, ಮತ್ತೆ ಮಗ್ಗುಲು ಸುತ್ತು. ಸೋತರೆ ಹಡಗು ಹೊರಗೆ, ಗೆದ್ದರೆ ಇನ್ನೊಂದು ವರ್ಷ, ನಮ್ಮ ಪಂಚಾಯಿತಿ ಮೆಂಬರುಗಳಿಗೂ ಇಲ್ಲದ ಕಟ್ಟುನಿಟ್ಟು. ಅಷ್ಟರೊಳಗೆ ತಾತ ಶಾಂಘೈಗೆ ಹೋದ ಹಡಗನ್ನೂ ಕೆತ್ತಿ ಪಕ್ಕದಲ್ಲಿಡಬೇಕು, ಮೂಟೆ ಹೊತ್ತವರನ್ನೂ. ಫ್ಲಾಟಿನಲ್ಲಿ ಜಾಗವಿಲ್ಲದಿದ್ದರೆ ಇಲ್ಲಿಯೇ ಕೂತು, ಮಕ್ಕಳ ಎದುರಿಗೇ.

ತಾತ ಅದಕ್ಕೆ ಕೈ ಎತ್ತಿದರು. ಎರಡೂ ಕೈ.

ಎಲ್ಲರೂ ಸೇರಿ ಹಡಗನ್ನು ಕಿಟಕಿಯ ಕಟ್ಟೆಗೆ ಏರಿಸಿದೆವು. ಅದರ ಪಕ್ಕದಲ್ಲಿ ನಿಂತು ತಾತ ಮತ್ತು ಟೀಚರ್ ಆಗಲೇ ಮುಂದಿನ ವರ್ಷ ಯಾರು ಯಾವ ಕಡೆ ಎಂದು ವಾದಕ್ಕೆ ಬಿದ್ದಿದ್ದರು. ದನಿ ಏರಿತು. ಯೂಕಿ ಅನುವಾದ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

‘ಏನಂತೆ?’ ಅವ್ವ ಕೇಳಿದಳು.

‘ಜಗ್ಳ ಆಡ್ತಾವ್ರೆ ಕಣವ್ವ. ನಮ್ ಬೀದೀಲಿ ಇದೇ ಮೊದ್ಲು.’

‘ಬುಡ್ಸಾದು ಬ್ಯಾಡ್ವಾ?’

ನಾನು ಅವ್ವನ ಕೈ ಹಿಡಿದು ಕೂರಿಸಿಕೊಂಡೆ. ‘ಬ್ಯಾಡ ಕಣವ್ವ. ಆಡ್ಲಿ.’